ಲಕ್ಕುಂಡಿಯಲ್ಲಿ ಜಲವರ್ಣ ಮಾಡುವವರಿಗೆ

ಮಾಸ್ತರೇ, ನಿಮ್ಮ ಪ್ರಶ್ನೆಯನ್ನೂ ಜೊತೆಗೆ ಹಾಕಿದ ಚಿತ್ರವನ್ನೂ ನೋಡಿದೆ. ಏಪ್ರಿಲ್ ಕೊನೆಯಲ್ಲಿ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಮುಂದೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕುಳಿತಿದ್ದಿರಿ. ಆಕಾಶದ ಬಣ್ಣ ಹರಡುವ ಮೊದಲೇ ಒಣಗಿ ಗೆರೆ ಬಿದ್ದವು, ನಡುವೆಯೇ ನೆರಳು ಜಾಗ ಬಿಟ್ಟಿತು, ಮನೆಗೆ ತಂದು ನೋಡಿದರೆ ಚಿತ್ರವೆಲ್ಲ ಕಪ್ಪು. ಹಾಳೆ ನಿಲ್ಲಿಸಿಕೊಳ್ಳುವ ಒಳ್ಳೆಯ ಸ್ಟ್ಯಾಂಡ್ (ಈಸೆಲ್) ಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸ್ಟ್ಯಾಂಡಿನ ಮಾತು ಕೊನೆಗಿರಲಿ. ನಿಮ್ಮ ಕೈ ಚೆನ್ನಾಗಿದೆ, ಆರಿಸಿಕೊಂಡ ಹೊತ್ತು ಕೆಟ್ಟದ್ದು.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಮೂರು ಗಂಟೆಯಲ್ಲಿ ಕಂಡ ನೆರಳುಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿದರೆ ಗುಡಿಗೆ ನಾಲ್ಕು ದಿಕ್ಕಿನಿಂದ ಬಿಸಿಲು ಬಿದ್ದಂತಾಗುತ್ತದೆ. ಅದೂ ಅಲ್ಲದೆ, ನಮ್ಮ ಗದಗ ಸೀಮೆಯಲ್ಲಿ ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಗೋಡೆಗಳು ಸೂರಿನ ನೆರಳಿನಲ್ಲಿ ಮುಳುಗಿ, ಬಿಸಿಲಿನ ಬದಿ ಯಾವುದು ನೆರಳಿನ ಬದಿ ಯಾವುದು ಎಂಬುದೇ ತಿಳಿಯುವುದಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕೂವರೆಯಿಂದ ಆರು. ಮಿಕ್ಕ ಹೊತ್ತು ಪೆನ್ಸಿಲ್ ಕೆಲಸ ಮಾಡಿ, ಇಲ್ಲವೇ ಮರದ ಕೆಳಗೆ ಬುತ್ತಿ ಬಿಚ್ಚಿ.

ಕುಳಿತ ಕೂಡಲೇ ಮಾಡಬೇಕಾದದ್ದು ನೆರಳಿನ ಅಂಚುಗಳನ್ನು ಗುರುತಿಸಿ, ಎಲ್ಲ ನೆರಳನ್ನೂ ಒಂದೇ ತೆಳು ಬಣ್ಣದಲ್ಲಿ ತುಂಬಿಬಿಡುವುದು. ಗುಡಿಯ ಕೆತ್ತನೆ ಕಣ್ಣು ಸೆಳೆಯುತ್ತದೆ, ಅದರ ಆಸೆಗೆ ಬೀಳಬೇಡಿ. ಒಮ್ಮೆ ಹಿಡಿದ ನೆರಳನ್ನು ಸೂರ್ಯ ಎಷ್ಟೇ ಸರಿದರೂ ತಿದ್ದಬಾರದು. ಅದಕ್ಕೆಂದೇ ಹಾಳೆ ಚಿಕ್ಕದಿರಲಿ, ನೋಟ್‌ಬುಕ್ಕಿನ ಅರ್ಧ ಪುಟದಷ್ಟು ಸಾಕು. ಬೆಳಕು ಪೂರ್ತಿ ಬದಲಾದರೆ ಬೇರೆ ಹಾಳೆ ತೆಗೆಯಿರಿ, ಮೊದಲಿನದನ್ನು ಮರುದಿನ ಅದೇ ಹೊತ್ತಿಗೆ ಮುಂದುವರಿಸಿ. 1890-91ರಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಹುಲ್ಲಿನ ಬಣವೆಗಳನ್ನು ಚಿತ್ರಿಸಿದ್ದು ಹೀಗೆಯೇ. ಬೆಳಕು ತಿರುಗಿದಂತೆಲ್ಲ ಕ್ಯಾನ್ವಾಸ್ ಬದಲಿಸುತ್ತಿದ್ದ. ಬಣವೆಗಳಿಗೆ ನಮ್ಮಲ್ಲೇನು ಬರವೇ?

ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಆದರೆ ಆಕಾರಕ್ಕೆ ಮಾತ್ರ ನಂಬಿ. ಫೋಟೋದಲ್ಲಿ ನೆರಳು ಕಪ್ಪಾಗಿಬಿಡುತ್ತದೆ. ಕಣ್ಣಾರೆ ನೋಡಿ: ತೆರೆದ ಬಯಲಿನ ನೆರಳಿಗೆ ಮೇಲಿನಿಂದ ಆಕಾಶದ ನೀಲಿ, ಕೆಳಗಿನಿಂದ ನೆಲದ ಬಣ್ಣ ಬಂದು ಸೇರಿರುತ್ತದೆ. ಲಕ್ಕುಂಡಿಯ ಕಲ್ಲು ಮೊದಲೇ ಹಸಿರು ಬೆರೆತ ಬೂದು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಆ ಬೂದು ಸಿಗುತ್ತದೆ. ಕಪ್ಪು ಟ್ಯೂಬನ್ನು ಮನೆಯಲ್ಲಿ ಬಿಟ್ಟು ಹೊರಡಿ.

ಚಿತ್ರ ಕಪ್ಪಾದದ್ದಕ್ಕೆ ಇನ್ನೊಂದು ಕಾರಣವಿದೆ, ಮುಖ್ಯವಾದದ್ದು. ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಹಚ್ಚಿದ ಬಣ್ಣವೆಲ್ಲ ತೆಳುವಾಗಿ ಕಾಣುತ್ತದೆ. ಇನ್ನಷ್ಟು ಗಾಢವಾಗಲಿ ಎಂದು ಹಚ್ಚುತ್ತಾ ಹೋಗುತ್ತೀರಿ. ಹಾಳೆ ನೆರಳಿನಲ್ಲಿರಬೇಕು. ಬಣ್ಣದ ಛತ್ರಿ ಬೇಡ, ಅದರ ಬಣ್ಣವೇ ಕಾಗದದ ಮೇಲೆ ಇಳಿಯುತ್ತದೆ. ಅಜ್ಜಂದಿರು ಹಿಡಿಯುತ್ತಿದ್ದ ಕಪ್ಪು ಛತ್ರಿಗೆ ಸಮನಾದದ್ದಿಲ್ಲ.

ಬಣ್ಣ ಬೇಗ ಒಣಗದಿರಲು: ಹಾಳೆಯ ಹಿಂಬದಿಯನ್ನೂ ನೆನೆಸಿ, ನೀರು ಹೀರದ ಹಲಗೆಯ ಮೇಲೆ ಅಂಟಿಸಿ. ಬೇಸಿಗೆಯಲ್ಲಿ ಕುಂಚ ಅದ್ದುವ ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿದರೆ ಆಕಾಶ ಹರಡಲು ಸ್ವಲ್ಪ ಬಿಡುವು ಸಿಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಇದನ್ನು ಮಾಡಬೇಡಿ, ಅಲ್ಲಿ ಜುಲೈನಲ್ಲಿ ಹಾಳೆ ಒಣಗುವುದೇ ಒಂದು ಪವಾಡ.

ಧೂಳು, ಹುಳು ಬಂದು ಅಂಟಿದ್ದಕ್ಕೆ ಬೇಸರ ಮಾಡಿಕೊಂಡಿದ್ದೀರಿ. ವ್ಯಾನ್ ಗೋ 1889ರಲ್ಲಿ ಮಾಡಿದ ಆಲಿವ್ ಮರಗಳ ತೈಲಚಿತ್ರದಲ್ಲಿ ಒಂದು ಮಿಡತೆ ಸಿಕ್ಕಿಕೊಂಡಿದ್ದು ಗೊತ್ತಾದದ್ದು 2017ರಲ್ಲಿ. ಅಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವೆನೆಂದಿರಿ. ಹಾಗಾದರೆ ಬಣ್ಣಕ್ಕೆ ಖರ್ಚು ಮಾಡಬೇಡಿ, ಮಣ್ಣಿನಿಂದಲೇ ಮಾಡಿಸಿ. ಮಸಾರಿ ಮಣ್ಣನ್ನು ಪುಡಿ ಮಾಡಿ ಬಕೆಟ್ ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ನಯವಾದ ಮಣ್ಣು ಉಳಿಯುತ್ತದೆ. ಅದನ್ನು ಒಣಗಿಸಿ ಅರೆಯಿರಿ. ಒಂದು ಪಾಲು ಜಾಲಿ ಅಂಟಿಗೆ ಎರಡು ಪಾಲು ಬಿಸಿನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಜೇನು ಬೆರೆಸಿ, ಗಾಜಿನ ಮೇಲೆ ಮಣ್ಣಿನೊಡನೆ ಚೆನ್ನಾಗಿ ತಿಕ್ಕಿ. ಅಂಗಡಿಯಲ್ಲಿ ಕೇಳುವಾಗ ಎಚ್ಚರ: ನೀರಿನಲ್ಲಿ ಉಬ್ಬಿ ಲೋಳೆಯಾಗುವ ಅಂಟು ಬೇಡ, ಪೂರ್ತಿ ಕರಗುವ ಅಂಟೇ ಬೇಕು. ಮಸಾರಿಯ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಎರೆಮಣ್ಣು ಹಾಗಲ್ಲ. ಬೇಸಿಗೆಯಲ್ಲಿ ಹೊಲದಲ್ಲಿ ಹೇಗೆ ಬಿರಿಯುತ್ತದೋ ಹಾಳೆಯ ಮೇಲೂ ಹಾಗೆಯೇ ಬಿರಿಯುತ್ತದೆ, ಏಕೆಂದರೆ ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ತೆಳುವಾಗಿ ಹಚ್ಚಿದರೆ ಒಳ್ಳೆಯ ಬೂದುಗಂದು ಸಿಗುತ್ತದೆ.

ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಾಗ ಹೋಗಿ, ಆದರೆ ದೂರ ಕುಳಿತುಕೊಳ್ಳಿ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಯಲ್ಲಿ ಬೆಳಕು ನೆರಳಿನ ಪಾಠ ಇನ್ನೆಲ್ಲಿಯೂ ಸಿಗದಷ್ಟು ಸ್ಪಷ್ಟ. ಕಪ್ಪತಗುಡ್ಡ ವನ್ಯಜೀವಿ ಧಾಮವಾದ್ದರಿಂದ ಮಕ್ಕಳೊಡನೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಹೊಲದ ಬದುವಿನ ಮೇಲೆ ಕೂರುವುದಾದರೆ ಹೊಲದವರಿಗೆ ಒಂದು ಮಾತು ಹೇಳಿ. ಕುಂಚ ತೊಳೆದ ನೀರನ್ನು ಕೆರೆಗೆ, ಬಾವಿಗೆ ಚೆಲ್ಲಬೇಡಿ, ಬಾಟಲಿಯಲ್ಲಿ ವಾಪಸು ತನ್ನಿ.

ಇನ್ನು ಸ್ಟ್ಯಾಂಡ್. ನಮ್ಮ ಬಯಲಿನ ಗಾಳಿಗೆ ಹಗುರವಾದ ಅಲ್ಯೂಮಿನಿಯಂ ಸ್ಟ್ಯಾಂಡ್ ಮಗುಚಿಕೊಳ್ಳುತ್ತದೆ, ಕಲ್ಲಿನ ಚೀಲ ತೂಗುಹಾಕಬೇಕಾಗುತ್ತದೆ. ಸಂರಕ್ಷಿತ ಗುಡಿಗಳಲ್ಲಿ ಅದನ್ನು ನಿಲ್ಲಿಸಲು ಕಾವಲುಗಾರರನ್ನೂ ಕೇಳಬೇಕು. ತೊಡೆಯ ಮೇಲೊಂದು ಪ್ಲೈವುಡ್ ಹಲಗೆ, ನಾಲ್ಕು ಕ್ಲಿಪ್ಪು ಸಾಕು. ಉಳಿದ ದುಡ್ಡಿಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದ ಕೊಳ್ಳಿ. ಮುಂದಿನ ಚಿತ್ರ ಇಲ್ಲಿ ಹಾಕುವಾಗ ದಿನಾಂಕ, ಗಂಟೆ, ನೀವು ಮುಖ ಮಾಡಿದ್ದ ದಿಕ್ಕು ಇವನ್ನೂ ಬರೆಯಿರಿ, ನೆರಳು ಎಲ್ಲಿ ತಪ್ಪಿದೆ ಎಂದು ಹೇಳುವುದು ಸುಲಭವಾಗುತ್ತದೆ.