ಹೆಡ್‌ಫೋನಿನಲ್ಲಿ ಚೆನ್ನ, ಮೊಬೈಲ್‌ನಲ್ಲಿ ಕರಕರ: ದನಿ ಒಡೆಯುವುದು ಎಲ್ಲಿ?

ಪ್ರಶ್ನೆ: ಮನೆಯಲ್ಲೇ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಒಂದು ಕಂಡೆನ್ಸರ್ ಮೈಕ್, ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ. ತಬಲಾ, ಹಾರ್ಮೋನಿಯಂ ಬೇರೆ ಬೇರೆ ಟ್ರ್ಯಾಕ್. ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ದನಿ ಒಡೆಯುತ್ತದೆ, ಕಾರಿನಲ್ಲಿ ಡಗ್ಗ (ತಬಲಾದ ಎಡಗೈ ವಾದ್ಯ) ಬಂದಾಗೆಲ್ಲ ಬಾಗಿಲು ಅದುರುತ್ತದೆ. ಒಳ್ಳೆಯ ಸ್ಪೀಕರ್ ಕೊಂಡರೆ ಸರಿಹೋದೀತೇ?

ಉತ್ತರ: ಈಗಲೇ ದುಡ್ಡು ಹಾಕಬೇಡಿ. ಮೊಬೈಲ್ ವಾಲ್ಯೂಮ್ ಕಾಲುಭಾಗಕ್ಕೆ ಇಳಿಸಿ ಒಡೆಯುವ ಸಾಲನ್ನೇ ಮತ್ತೆ ಕೇಳಿ. ಆಗಲೂ ಅದೇ ಅಕ್ಷರದಲ್ಲಿ ಕರಕರ ಎಂದರೆ ದೋಷ ಫೈಲ್‌ನಲ್ಲೇ ಇದೆ. ಇಳಿಸಿದೊಡನೆ ಮಾಯವಾದರೆ, ಆ ಪುಟ್ಟ ಸ್ಪೀಕರ್ ತಾಳಲಾರದ ಏನೋ ಮಿಕ್ಸ್‌ನಲ್ಲಿ, ಅಂದರೆ ಎಲ್ಲ ಟ್ರ್ಯಾಕ್ ಕೂಡಿಸಿದ ದನಿಯಲ್ಲಿ, ಇದೆ.

ಫೈಲ್‌ನಲ್ಲಿದ್ದರೆ ಮಿಕ್ಸ್ ಬಿಟ್ಟು ಮೂಲ ಟ್ರ್ಯಾಕ್ ತೆರೆಯಿರಿ. ಆಡಾಸಿಟಿಯ ವ್ಯೂ ಮೆನುವಿನಲ್ಲಿ ಕ್ಲಿಪಿಂಗ್ (ದನಿ ಮಿತಿ ಮೀರಿ ಕತ್ತರಿಸಿಹೋಗುವುದು) ತೋರಿಸುವ ಆಯ್ಕೆ ಒತ್ತಿದರೆ ಮಿತಿ ಮುಟ್ಟಿದ ಕಡೆಯೆಲ್ಲ ಕೆಂಪು ಗೆರೆ ಕಾಣುತ್ತದೆ. ಅಲ್ಲಿ ಜೂಮ್ ಮಾಡಿ: ಗುಡ್ಡದಂತೆ ದುಂಡಗಿರಬೇಕಾದ ಅಲೆಯ ತಲೆ ಮಚ್ಚಿನಲ್ಲಿ ಕಡಿದಂತೆ ಚಪ್ಪಟೆಯಾಗಿರುತ್ತದೆ. ಇದನ್ನು ಆಮೇಲೆ ಎಷ್ಟು ಇಳಿಸಿದರೂ ತಲೆ ಮತ್ತೆ ಬೆಳೆಯದು. ಒಂದೆರಡು ಕಡೆ ಮಾತ್ರ ಆಗಿದ್ದರೆ ಆಡಾಸಿಟಿಯ ಕ್ಲಿಪ್ ಫಿಕ್ಸ್ ಎಂಬ ಎಫೆಕ್ಟ್ ತೇಪೆ ಹಾಕುತ್ತದೆ. ಇಡೀ ಸಾಲೇ ಹೋಗಿದ್ದರೆ ಮತ್ತೆ ಹಾಡುವುದೇ ಸರಿ.

ಹಾಡುವಾಗ ರೆಕಾರ್ಡಿಂಗ್ 24 ಬಿಟ್‌ಗೆ (ದನಿಯನ್ನು ಅಂಕಿಯಲ್ಲಿ ಬರೆಯುವ ಸೂಕ್ಷ್ಮತೆ) ಇಟ್ಟುಕೊಳ್ಳಿ. ಹಾಡಿನಲ್ಲಿ ಅತಿ ಜೋರಾಗಿ ಏರುವ ಸಾಲನ್ನು ಪೂರ್ತಿ ದನಿಯಲ್ಲಿ ಹಾಡುತ್ತಾ, ಮೀಟರ್ (ಸೊನ್ನೆಯೇ ಅದರ ಮಿತಿ) ಮೈನಸ್ 12ರಿಂದ ಮೈನಸ್ 10 ಡಿಬಿ ದಾಟದಂತೆ ಇಂಟರ್‌ಫೇಸ್‌ನ ಗೇನ್ (ಮೈಕಿನ ದನಿ ಏರಿಸುವ) ತಿರುಪು ಹೊಂದಿಸಿ. ಪರೀಕ್ಷೆಗೆಂದು ಹಾಡುವಾಗ ಎಲ್ಲರೂ ಮೆಲ್ಲಗೆ ಹಾಡಿ, ನಿಜವಾದ ಟೇಕ್‌ನಲ್ಲಿ ಎದೆ ತುಂಬಿ ಹಾಡುತ್ತಾರೆ. ಈ ಅಂತರ ಬಿಡುವುದು ಅದಕ್ಕೇ. 24 ಬಿಟ್‌ನ ಲೆಕ್ಕದ ವ್ಯಾಪ್ತಿ (ಅತಿ ಮೆಲ್ಲನೆಯ ದನಿಯಿಂದ ಅತಿ ಜೋರಿನವರೆಗಿನ ಅಂತರ) 144 ಡಿಬಿ, 16 ಬಿಟ್‌ನದು 96. ಲೆವೆಲ್ ಕಡಿಮೆಯಾಯಿತೆಂಬ ಅಂಜಿಕೆ ಬೇಡ. ಮನೆಯಲ್ಲಿ ಗದ್ದಲ ಬರುವುದು ಫ್ಯಾನಿನಿಂದ, ಅದನ್ನು ನಿಲ್ಲಿಸಿ.

ಇಲ್ಲೊಂದು ಸೂಕ್ಷ್ಮವಿದೆ. ಮೀಟರ್ ಮೈನಸ್ 12 ತೋರಿಸಿ, ಕೆಂಪು ಗೆರೆ ಬಾರದೆಯೂ ತಬಲಾ ಒಡೆಯಬಹುದು. ಮೈಕ್ ಬಲು ಹತ್ತಿರವಿದ್ದಾಗ ಇಂಟರ್‌ಫೇಸ್ ತಲುಪುವ ಮೊದಲೇ ಮೈಕಿನೊಳಗಿನ ಸರ್ಕ್ಯೂಟ್ ಸೋತಿರುತ್ತದೆ. ಗೇನ್ ಇಳಿಸಿ ಪ್ರಯೋಜನವಿಲ್ಲ. ಮೈಕ್ ಅನ್ನು ಒಂದರಿಂದ ಒಂದೂವರೆ ಅಡಿ ಹಿಂದೆ ಸರಿಸಿ. ಮೈಕಿನಲ್ಲೇ ಮೈನಸ್ 10 ಡಿಬಿ ಪ್ಯಾಡ್ ಸ್ವಿಚ್ (ದನಿಯ ಮಟ್ಟ ತಗ್ಗಿಸುವ ಗುಂಡಿ) ಇದ್ದರೆ ಹಾಕಿ.

ಇನ್ನು ಡಗ್ಗ. ಅದರ ‘ಗುಂ’ ಎನ್ನುವ ನಾದದ ಬಹುಪಾಲು ಶಕ್ತಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ. ಮೊಬೈಲ್ ಸ್ಪೀಕರಿಗೆ ಅದನ್ನು ನುಡಿಸುವ ಶಕ್ತಿಯಿಲ್ಲ, ಪ್ರಯತ್ನಿಸಿ ಒದ್ದಾಡುತ್ತದೆ. ಆ ಒದ್ದಾಟದಲ್ಲಿ ನಿಮ್ಮ ದನಿಯೂ ಒಡೆಯುತ್ತದೆ. ಕಾರಿನಲ್ಲಿ ಬಾಗಿಲಿನ ತಗಡೇ ಅದಕ್ಕೆ ಜೊತೆಗೂಡುತ್ತದೆ. ದನಿಯ ಟ್ರ್ಯಾಕಿಗೆ 80 ಹರ್ಟ್ಸ್‌ನಲ್ಲಿ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ನಾದ ತಗ್ಗಿಸುವ ಎಫೆಕ್ಟ್) ಹಾಕಿ. ಡಗ್ಗಕ್ಕೆ 40ರಲ್ಲಿ ಸಾಕು, ಮೇಲೆ ಹೋದರೆ ಜೀವ ಹೋಗುತ್ತದೆ. ಬದಲಿಗೆ 80ರಿಂದ 120ರವರೆಗೆ 3 ಡಿಬಿ ತಗ್ಗಿಸಿ, 200ರಿಂದ 300ರಲ್ಲಿ 2 ಡಿಬಿ ಏರಿಸಿ. ಆಗ ಮೊಬೈಲ್‌ನಲ್ಲೂ ಡಗ್ಗ ಇದೆಯೆಂದು ಕಿವಿಗೆ ಗೊತ್ತಾಗುತ್ತದೆ.

ಟ್ರ್ಯಾಕ್‌ಗಳು ಕೂಡಿದಾಗ ಲೆವೆಲ್ ಏರುತ್ತದೆ: ಮೈನಸ್ 6 ಡಿಬಿಯ ಎರಡು ಪೀಕ್ (ಅಲೆಯ ತುದಿ) ಒಟ್ಟಿಗೇ ಬಿದ್ದರೆ ಸೊನ್ನೆ ಮುಟ್ಟಬಹುದು. ಮಾಸ್ಟರ್ ಫೇಡರ್ ಎಳೆಯುವ ಬದಲು ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ. ಕೊನೆಗೆ ಲಿಮಿಟರ್ (ಪೀಕ್ ಮಿತಿ ದಾಟದಂತೆ ತಡೆಯುವ ಎಫೆಕ್ಟ್) ಮೈನಸ್ 2 ಡಿಬಿಗೆ ಇರಲಿ. ಎಂಪಿ3 ಮಾಡುವಾಗ ಪೀಕ್‌ಗಳು ತುಸು ಮೇಲೇರುವುದರಿಂದ ಈ ಜಾಗ ಬೇಕು. ಜೋರಾಗಿ ಕೇಳಲೆಂದು ಲೆವೆಲ್ ಏರಿಸಿ ಫಲವಿಲ್ಲ, ಹೆಚ್ಚು ಜೋರಿದ್ದುದನ್ನು ಯೂಟ್ಯೂಬ್ ತಾನೇ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಒಟ್ಟಾರೆ ಜೋರಿನ ಅಳತೆ) ಇಳಿಸುತ್ತದೆ.

ತಯಾರಾದ ಎಂಪಿ3ಯನ್ನೇ ಆಡಾಸಿಟಿಗೆ ಎಳೆದು ಕೆಂಪು ಗೆರೆ ಇದೆಯೇ ನೋಡಿ. ಆಮೇಲೆ ಮೊಬೈಲ್, ಕಾರು, ಹೆಡ್‌ಫೋನ್ ಮೂರರಲ್ಲೂ ಕೇಳಿ, ಒಡೆದ ಜಾಗದ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳಿ. ಮೂರರಲ್ಲೂ ಒಂದೇ ಸೆಕೆಂಡು ಬಂದರೆ ಟ್ರ್ಯಾಕ್‌ಗೆ ಹಿಂದಿರುಗಿ, ಕಾರಿನಲ್ಲಿ ಮಾತ್ರವಾದರೆ ಡಗ್ಗವನ್ನು ಇನ್ನೊಂದು ಡಿಬಿ ಇಳಿಸಿ.