ವಿಮಾನ ನಿರ್ವಹಣೆಯನ್ನು ಹೊರಗುತ್ತಿಗೆಗೆ ಕೊಟ್ಟಾಗ ಮೆಕ್ಯಾನಿಕ್‌ಗಳಿಗೆ ಏನಾಗುತ್ತದೆ?

ಅಮೆರಿಕದ ವಿಮಾನ ಸಂಸ್ಥೆಗಳು ನಿರ್ವಹಣಾ ಕೆಲಸವನ್ನು ಹೊರಗಿನವರಿಗೆ ವಹಿಸಿದ್ದರಿಂದ ಅಲ್ಲಿನ ಮೆಕ್ಯಾನಿಕ್‌ಗಳಿಗೆ ಏನಾಯಿತು, ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕೋರ್ಸಿಗೆ ಸೇರಬೇಕೆಂದಿರುವ ನಿಮ್ಮ ಮಗ ಅದರಿಂದ ತಿಳಿದುಕೊಳ್ಳಬೇಕಾದುದು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ಬೇರೆ ಬೇರೆ ಸಂಸ್ಥೆಗಳ ವಿಮಾನಗಳನ್ನು ಗುತ್ತಿಗೆಯ ಮೇಲೆ ದುರಸ್ತಿ ಮಾಡುವ ಹ್ಯಾಂಗರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊರಗುತ್ತಿಗೆಯಿಂದಲೇ ಹೊಟ್ಟೆ ಹೊರೆಯುವವನೊಬ್ಬನ ಉತ್ತರ ಇದು ಎಂಬುದನ್ನು ಗಮನದಲ್ಲಿಟ್ಟು ಓದಿ.

ಎಲ್ಲ ಕೆಲಸವೂ ಒಂದೇ ರೀತಿಯಲ್ಲಿ ಹೊರಗೆ ಹೋಗುವುದಿಲ್ಲ. ಎರಡು ಹಾರಾಟಗಳ ನಡುವೆ ನಿಲ್ದಾಣದಲ್ಲೇ ಮಾಡುವ ಲೈನ್ ಮೆಂಟೆನೆನ್ಸ್ ವಿಮಾನ ಇಳಿಯುವ ಜಾಗದಲ್ಲೇ ಆಗಬೇಕಾದುದರಿಂದ ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲ್‌ನಲ್ಲಿ ಬಿಡಿಭಾಗಗಳ ಬೆಲೆಯೇ ದೊಡ್ಡದು. ಅದಕ್ಕೆ ದುಬಾರಿ ಯಂತ್ರಗಳೂ ಪರೀಕ್ಷಾ ಘಟಕಗಳೂ ಬೇಕು. ಆದರೆ ಸಿ ಚೆಕ್‌ನಂಥ ಭಾರೀ ತಪಾಸಣೆಯಲ್ಲಿ ವಿಮಾನದ ಒಡಲನ್ನು ಬಿಚ್ಚಿ, ನೋಡಿ, ಸರಿಪಡಿಸಿ, ಮತ್ತೆ ಜೋಡಿಸುವ ಕೆಲಸಕ್ಕೆ ಸಾವಿರಾರು ಮಾನವ ಗಂಟೆಗಳು ಹಿಡಿಯುವುದರಿಂದ, ಖರ್ಚಿನ ಬಹುಪಾಲು ಕೂಲಿಯೇ ಆಗಿರುತ್ತದೆ. ಆದ್ದರಿಂದ ಅಗ್ಗದ ಕೂಲಿಯನ್ನು ಹುಡುಕಿಕೊಂಡು ಮೊದಲು ಹೊರಟದ್ದು ಈ ಕೆಲಸ: ಅಮೆರಿಕದೊಳಗಿನ ಗುತ್ತಿಗೆ ಹ್ಯಾಂಗರುಗಳಿಗೆ, ಅಲ್ಲಿಂದ ಎಲ್ ಸಾಲ್ವಡಾರ್, ಮೆಕ್ಸಿಕೊ, ಚೀನಾ, ಸಿಂಗಪುರಗಳಿಗೆ.

ಇದರ ವಿರುದ್ಧ ನಡೆದ ಹೋರಾಟಗಳಲ್ಲಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನದು ಎಲ್ಲರೂ ಓದಬೇಕಾದದ್ದು. ನಿರ್ವಹಣಾ ವಿಭಾಗದ ಸುಮಾರು ಅರ್ಧದಷ್ಟು, ಅಂದರೆ 2,000ದಷ್ಟು ಹುದ್ದೆಗಳನ್ನು ತೆಗೆದು, ಉಳಿದವರ ಸಂಬಳವನ್ನು ಕಾಲುಭಾಗದಷ್ಟು ಇಳಿಸಬೇಕೆಂದು ಸಂಸ್ಥೆ ಪಟ್ಟು ಹಿಡಿಯಿತು. 2005ರ ಆಗಸ್ಟ್ 20ರಂದು ಸುಮಾರು 4,400 ಮೆಕ್ಯಾನಿಕ್‌ಗಳು ಮತ್ತು ಸ್ವಚ್ಛತಾ ಕಾರ್ಮಿಕರು ಮುಷ್ಕರ ಹೂಡಿದರು. ಸಂಸ್ಥೆ ತಿಂಗಳುಗಟ್ಟಲೆ ಮೊದಲೇ ಬದಲಿ ಕೆಲಸಗಾರರನ್ನು ಸಿದ್ಧಮಾಡಿಕೊಂಡಿತ್ತು. ಪೈಲಟ್‌ಗಳು, ಗಗನಸಖಿಯರು, ಬ್ಯಾಗೇಜ್ ಕೆಲಸಗಾರರ ಸಂಘಗಳು ಜೊತೆಗೆ ನಿಲ್ಲಲಿಲ್ಲ. ಮುಂದಿನ ತಿಂಗಳೇ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. 2006ರ ನವೆಂಬರಿನಲ್ಲಿ ಮುಷ್ಕರ ಮುಗಿಯುವ ವೇಳೆಗೆ ಆ ಕೆಲಸಗಳನ್ನು ಬೇರೆಯವರು ಮಾಡುತ್ತಿದ್ದರು. ಉಳಿದ ಸಂಘಗಳು ಅಂದು ಹಿಂದೆ ಸರಿಯದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆಂದೇ ನಾನು ನಂಬಿದ್ದೇನೆ, ಏಕೆಂದರೆ ಪೈಲಟ್‌ಗಳಿಲ್ಲದೆ ವಿಮಾನ ಹಾರಿಸಲು ಯಾವ ಸಂಸ್ಥೆಗೂ ಸಾಧ್ಯವಿಲ್ಲ.

ಇಂಡಿಯಾನಾಪೊಲಿಸ್‌ನ ಕಥೆ ಅಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಅದು ಹೆಚ್ಚು ನೋವುಂಟುಮಾಡುತ್ತದೆ. ಯುನೈಟೆಡ್ ಏರ್‌ಲೈನ್ಸ್ 1990ರ ದಶಕದಲ್ಲಿ ಅಲ್ಲಿ ಕಟ್ಟಿಸಿದ ಬೃಹತ್ ನಿರ್ವಹಣಾ ಕೇಂದ್ರಕ್ಕೆ ರಾಜ್ಯವೂ ನಗರವೂ ಸೇರಿ ಜನರ ತೆರಿಗೆಯ ಕೋಟ್ಯಂತರ ಡಾಲರುಗಳನ್ನು ಸುರಿದವು. 2003ರಲ್ಲಿ, ದಿವಾಳಿಯ ನಡುವೆ, ಯುನೈಟೆಡ್ ಅದನ್ನು ಮುಚ್ಚಿತು. ಮರುವರ್ಷ ಎಎಆರ್ ಎಂಬ ಗುತ್ತಿಗೆ ದುರಸ್ತಿ ಕಂಪನಿ ಅದೇ ಹ್ಯಾಂಗರುಗಳ ಒಂದು ಭಾಗವನ್ನು ಬಾಡಿಗೆಗೆ ಪಡೆದು ಹಳೆಯ ದರಕ್ಕಿಂತ ತೀರಾ ಕಡಿಮೆ ಸಂಬಳಕ್ಕೆ ಜನರನ್ನು ತೆಗೆದುಕೊಂಡಿತು. ಹೀಗೆ ಕೆಲಸ ಊರು ಬಿಟ್ಟು ಹೋಗದಿದ್ದರೂ ಅದರ ಬೆಲೆ ಕುಸಿಯಬಹುದು. ಹೊರಗುತ್ತಿಗೆಯೆಂದರೆ ವಿದೇಶಕ್ಕೆ ಕಳಿಸುವುದು ಮಾತ್ರ ಎಂದುಕೊಂಡವರು ಇದನ್ನು ಮರೆಯುತ್ತಾರೆ.

ಸುರಕ್ಷತೆಯ ಪ್ರಶ್ನೆಗೆ ಬಂದರೆ, ಕಡಿಮೆ ಸಂಬಳದ ದೇಶದ ಮೆಕ್ಯಾನಿಕ್ ಕಳಪೆ ಕೆಲಸಗಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಪಾಯ ಇರುವುದು ಹೊಣೆ ಹಲವು ಕೈಗಳಲ್ಲಿ ಹಂಚಿಹೋಗುವುದರಲ್ಲಿ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಬೀಚ್‌ಕ್ರಾಫ್ಟ್ 1900ಡಿ ವಿಮಾನ ಮೇಲೇರಿದ ಕೂಡಲೇ ಬಿದ್ದು, ಅದರಲ್ಲಿದ್ದ 21 ಜನರೂ ಸತ್ತರು. ಟಿಕೆಟ್ ಯುಎಸ್ ಏರ್‌ವೇಸ್ ಎಕ್ಸ್‌ಪ್ರೆಸ್ ಹೆಸರಿನದು, ವಿಮಾನ ಏರ್ ಮಿಡ್‌ವೆಸ್ಟ್‌ನದು, ನಿರ್ವಹಣೆಯ ಗುತ್ತಿಗೆ ಮತ್ತೊಂದು ಕಂಪನಿಯದು, ಮೆಕ್ಯಾನಿಕ್‌ಗಳನ್ನು ಒದಗಿಸಿದ್ದು ಇನ್ನೊಂದು ಕಂಪನಿ. ಎರಡು ದಿನಗಳ ಹಿಂದೆ ಹಂಟಿಂಗ್ಟನ್‌ನ ನಿರ್ವಹಣಾ ಕೇಂದ್ರದಲ್ಲಿ ಎಲಿವೇಟರಿನ (ವಿಮಾನದ ಮೂತಿಯನ್ನು ಏರಿಸಿ ಇಳಿಸಲು ಬಾಲದಲ್ಲಿರುವ ಚಲಿಸುವ ಭಾಗ) ಕೇಬಲ್ ಬಿಗಿತ ಸರಿಪಡಿಸಿದ ಮೆಕ್ಯಾನಿಕ್‌ಗೆ ಆ ಮಾದರಿಯ ವಿಮಾನದಲ್ಲಿ ಆ ಕೆಲಸ ಅದೇ ಮೊದಲು. ಅವನಿಗೆ ಕಲಿಸುತ್ತಿದ್ದವರೇ ಕೆಲಸವನ್ನು ಪರಿಶೀಲಿಸಬೇಕಾದ ಇನ್‌ಸ್ಪೆಕ್ಟರ್ ಕೂಡ ಆಗಿದ್ದರು. ಕೈಪಿಡಿಯ ಕೆಲವು ಹಂತಗಳನ್ನು ಬಿಟ್ಟರು. ಮೂತಿಯನ್ನು ಕೆಳಗಿಳಿಸುವ ದಿಕ್ಕಿನಲ್ಲಿ ಎಲಿವೇಟರಿನ ಚಲನೆ ಸುಮಾರು ಅರ್ಧಕ್ಕೆ ಇಳಿದುಹೋಯಿತು. ಅದೇ ಸ್ಥಿತಿಯಲ್ಲಿ ಒಂಬತ್ತು ಬಾರಿ ಹಾರಿದ ವಿಮಾನ, ಹಿಂಭಾಗದಲ್ಲಿ ಭಾರ ಮಿತಿಮೀರಿದ್ದ ಹತ್ತನೆಯ ಬಾರಿ ಪೈಲಟ್‌ಗಳ ಹಿಡಿತಕ್ಕೆ ಸಿಗಲಿಲ್ಲ. ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಆ ಕೇಂದ್ರದ ಕೆಲಸದ ಮೇಲೆ ವಿಮಾನ ಸಂಸ್ಥೆಯ ನಿಗಾ ಇರಲಿಲ್ಲವೆಂದೂ ವಿಮಾನಯಾನ ನಿಯಂತ್ರಕ ಎಫ್‌ಎಎ ಸಹ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದೂ ಹೇಳಿತು. ಕೆಲಸವನ್ನು ಯಾರಿಗೆ ಕೊಟ್ಟರೂ ವಿಮಾನದ ಹಾರಾಟಯೋಗ್ಯತೆಯ ಮೂಲ ಹೊಣೆ ವಿಮಾನ ಸಂಸ್ಥೆಯದೇ ಎಂದು ಅಮೆರಿಕದ ನಿಯಮ ಹೇಳುತ್ತದೆ, ಆದರೆ ರಾತ್ರಿ ಪಾಳಿಯ ಹ್ಯಾಂಗರಿನಲ್ಲಿ ಆ ಸಂಸ್ಥೆಯ ಪರವಾಗಿ ನಿಂತು ನೋಡುವವರು ಇರಬೇಕಲ್ಲ.

ಹ್ಯಾಂಗರಿನೊಳಗಿನ ಒತ್ತಡ ಹೇಗಿರುತ್ತದೆಂದು ಹೇಳುತ್ತೇನೆ. ಕಾರ್ಗೋ ವಿಭಾಗದ ನೆಲದ ಪ್ಯಾನಲ್ ಬಿಚ್ಚಿ, ಟಾರ್ಚ್ ಹಿಡಿದು, ಕನ್ನಡಿಯನ್ನು ಓರೆಮಾಡಿ ನೋಡುತ್ತಿರುವಾಗ ಫ್ರೇಮಿನ ಬುಡದಲ್ಲಿ ಬಣ್ಣ ಉಬ್ಬಿದಂತೆ ಕಾಣುತ್ತದೆ. ಕೆರೆದರೆ ಬಿಳಿಯ ಪುಡಿ, ತುಕ್ಕು ಹಿಡಿದಿದೆ. ಈಗ ನಾನ್ ರುಟೀನ್ ಕಾರ್ಡ್, ಅಂದರೆ ಮೊದಲೇ ಗೊತ್ತುಮಾಡಿದ ಪಟ್ಟಿಯಲ್ಲಿಲ್ಲದ ದುರಸ್ತಿಯ ದಾಖಲೆ, ಬರೆಯಬೇಕು. ಆದರೆ ಇಂತಿಷ್ಟು ಗಂಟೆಗಳೊಳಗಿನ ಹೆಚ್ಚುವರಿ ಕೆಲಸವನ್ನು ದುರಸ್ತಿ ಕಂಪನಿಯೇ ಭರಿಸಬೇಕೆಂದು ಗುತ್ತಿಗೆಯಲ್ಲಿ ಬರೆದಿದ್ದರೆ, ಆ ಕಾರ್ಡಿನ ಖರ್ಚು ಕಂಪನಿಯ ಲಾಭದಿಂದ ಹೋಗುತ್ತದೆ, ವಿಮಾನವನ್ನು ಹಿಂತಿರುಗಿಸುವ ದಿನವೂ ಮುಂದಕ್ಕೆ ಹೋಗುತ್ತದೆ. ಕಾರ್ಡ್ ಬರೆಯಬೇಡವೆಂದು ಬಾಯಿಬಿಟ್ಟು ಹೇಳುವವರು ವಿರಳ. ಆದರೆ ಮುಂದಿನ ತಿಂಗಳು ಒಪ್ಪಂದ ನವೀಕರಣವಾಗಬೇಕಾದ ಹುಡುಗನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಕಾಯಂ ನೌಕರಿಯನ್ನು ಬರಿಯ ಸೌಲಭ್ಯವೆಂದು ಕರೆಯುವವರಿಗೆ ನಾನು ಹೇಳುವುದು ಇದನ್ನೇ: ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ ಬಹುಮಟ್ಟಿಗೆ ಅದರಿಂದಲೇ ಬರುತ್ತದೆ.

ಭಾರತದಲ್ಲಿ ಗಾಳಿ ಈಗ ಇನ್ನೊಂದು ದಿಕ್ಕಿಗೆ ಬೀಸುತ್ತಿದೆ. ವಿದೇಶಕ್ಕೆ ಹೋಗುತ್ತಿದ್ದ ಭಾರೀ ತಪಾಸಣೆಗಳನ್ನು ಇಲ್ಲೇ ಮಾಡಿಸಬೇಕೆಂದು 2020ರಲ್ಲಿ ನಿರ್ವಹಣಾ ಸೇವೆಗಳ ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಲಾಯಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಏರ್ ಇಂಡಿಯಾ ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಸಹಯೋಗದಲ್ಲಿ ದೊಡ್ಡ ನಿರ್ವಹಣಾ ಕೇಂದ್ರವನ್ನು ಕೈಗೆತ್ತಿಕೊಂಡಿದೆ. ಕೆಲಸ ಸಿಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೆಲಸ ಸಂಸ್ಥೆಯೊಳಗೇ ಇದ್ದ ಮಾತ್ರಕ್ಕೆ ಸಂಬಳ ಚೆನ್ನಾಗಿರುತ್ತದೆಂದೂ ಅಲ್ಲ: 2022ರ ಜುಲೈನಲ್ಲಿ ಇಂಡಿಗೋದ ಟೆಕ್ನಿಷಿಯನ್‌ಗಳು ಕಡಿಮೆ ಸಂಬಳವನ್ನು ವಿರೋಧಿಸಿ ಹೈದರಾಬಾದ್ ಮತ್ತು ದೆಹಲಿಯಲ್ಲಿ ಗುಂಪಾಗಿ ಅನಾರೋಗ್ಯ ರಜೆ ಹಾಕಿದ್ದರು.

ಆದ್ದರಿಂದ ನಿಮ್ಮ ಮಗ ಕೋರ್ಸಿಗೆ ಸೇರಲಿ, ಆದರೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಲೈಸೆನ್ಸ್ ಕೈಗೆ ಬರುವವರೆಗೆ ಓದನ್ನು ಬಿಡದಿರಲಿ. ಲೈಸೆನ್ಸ್ ಇಲ್ಲದ ಟೆಕ್ನಿಷಿಯನ್ನನ್ನು ಬದಲಿಸುವುದು ಸುಲಭ. ಕೆಲಸ ಮುಗಿದ ವಿಮಾನವನ್ನು ಸೇವೆಗೆ ಬಿಡಲು ಸಹಿ ಹಾಕುವವನನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಮೊದಲ ಕೆಲಸ ಒಪ್ಪಿಕೊಳ್ಳುವಾಗ ಸಂಬಳದ ಜೊತೆಗೆ ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಲಿ: ನೇಮಕಾತಿ ಪತ್ರ ಕೊಡುವುದು ಹ್ಯಾಂಗರಿನ ಕಂಪನಿಯೋ ಜನರನ್ನು ಒದಗಿಸುವ ಮಧ್ಯವರ್ತಿಯೋ, ತರಬೇತಿಯ ಬಾಂಡ್ ಎಷ್ಟು ವರ್ಷದ್ದು, ಮತ್ತು ಲೈಸೆನ್ಸಿಗೆ ಬೇಕಾದ ಪ್ರಾಯೋಗಿಕ ಅನುಭವದ ಲಾಗ್‌ಬುಕ್‌ಗೆ ಆಯಾ ಕೆಲಸ ಮುಗಿದಾಗಲೇ ಸಹಿ ಸಿಗುತ್ತದೆಯೇ. ಆ ಸಹಿಗಳನ್ನು ಆಗಿಂದಾಗ್ಗೆ ಪಡೆಯದೆ, ಗುತ್ತಿಗೆ ಮುಗಿದ ಮೇಲೆ ಹಳೆಯ ಮೇಲ್ವಿಚಾರಕರನ್ನು ಹುಡುಕಿಕೊಂಡು ಅಲೆದವರನ್ನು ನಾನು ಕಂಡಿದ್ದೇನೆ.