ಗಡಿಯಲ್ಲಿರುವ ಸೈನಿಕನಿಗಿಂತ ಜೈಲಿನ ಕೈದಿಯೇ ಆರಾಮಾಗಿರುತ್ತಾನೆ ಅಂತಾರಲ್ಲ, ನಿಜವೇ?

ನಿಜವಲ್ಲ. ಮೈನಸ್ 50 ಡಿಗ್ರಿವರೆಗೂ ಇಳಿಯುವ ಸಿಯಾಚಿನ್‌ನಲ್ಲಿ ಮೈಗೆ ಆಗುವ ಕಷ್ಟ ಖಂಡಿತ ಜಾಸ್ತಿ. ಆದರೆ ಸೈನಿಕರನ್ನು ಅಲ್ಲಿ ಕೆಲವು ತಿಂಗಳಷ್ಟೇ ಇಟ್ಟು ಕೆಳಗಿಳಿಸುತ್ತಾರೆ. ಸಂಬಳದ ಮೇಲೆ ವಿಶೇಷ ಭತ್ಯೆಯೂ ಇದೆ. ರಜೆ ಸಿಕ್ಕರೆ ನಮ್ಮ ಸಕಲೇಶಪುರದ ಹುಡುಗ ಊರಿಗೆ ಬರುತ್ತಾನೆ, ಊರೇ ಗೌರವದಿಂದ ಮಾತಾಡಿಸುತ್ತದೆ. ಕೈದಿ ಕಳೆದುಕೊಳ್ಳುವುದು ಇದನ್ನೇ ಅಲ್ವಾ?

ಜೈಲೊಳಗೆ ಜಾಗವೂ ಸಾಲದು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 100 ಜನರ ಜಾಗದಲ್ಲಿ ಸುಮಾರು 131 ಜನರಿದ್ದರು. ಅವರಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಊಟ, ಔಷಧಿಯನ್ನು ಸರ್ಕಾರ ಕೊಡುವುದು ಸುಖವಾಗಿರಲಿ ಅಂತಲ್ಲ. ಬೀಗ ಹಾಕಿ ಕೂಡಿಟ್ಟವನು ಅದನ್ನು ಹೊರಗೆ ಹೋಗಿ ತಂದುಕೊಳ್ಳಲಾರ, ಆದ್ದರಿಂದ ಕೂಡಿಟ್ಟವರೇ ಕೊಡಬೇಕು.